ಬಿಳಿ ಕಾರಿನಿಂದ ಇಳಿದ ನೇರಳೆ ನೀರು

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಮೊಂಡಿಗೆ,

ಅಣ್ಣನ ಆಶೀರ್ವಾದಗಳು. ನಿನ್ನ ಎರಡು ಕಾಗದಗಳೂ ಬಂದು ಕಪಾಟಿನ ಮೇಲೆ ಕೂತಿವೆ. ಕೆಲಸ ಜಾಸ್ತಿ ಇತ್ತು ಎಂದು ಬರೆಯಲು ಹೊರಟಿದ್ದೆ. ನಿನ್ನ ಅತ್ತಿಗೆ ಹಿಂದಿನಿಂದ ಇಣುಕಿ, "ಸುಳ್ಳು ಬರೀಬೇಡಿ, ನಿನ್ನೆ ಮಧ್ಯಾಹ್ನ ಗೊರಕೆ ಹೊಡೀತಿದ್ರಿ" ಎಂದಳು. ಹಾಗಾಗಿ ತಡವಾಯಿತು, ಕ್ಷಮಿಸು ಎಂದಷ್ಟೇ ಬರೆಯುತ್ತೇನೆ. ಅಪ್ಪನ ಮಂಡಿನೋವು ಹಾಗೇ ಇದೆ. ದಿನಾ ಶೆಡ್ಡಿಗೆ ಬಂದು ಕುರ್ಚಿ ಹಾಕಿಕೊಂಡು ನನ್ನ ಕೆಲಸದಲ್ಲಿ ಹುಳುಕು ಹುಡುಕುತ್ತಾರೆ. ಔಷಧಿ ಅಂಗಡಿಯಲ್ಲಿ ನಿಂತು ನಿಂತು ನಿನ್ನ ಕಾಲು ಊದಿಕೊಳ್ಳುತ್ತದೆ ಎಂದು ಓದಿ ಸಂಕಟವಾಯಿತು. ಅದು ನೀನು ನಿಲ್ಲಬೇಕಾದ ಜಾಗವಲ್ಲ.

ವಿಷಯಕ್ಕೆ ಬರುತ್ತೇನೆ. ಹಲ್ಲಿನ ಡಾಕ್ಟರ ಬಿಳಿ ಕಾರು ಹೋದ ವಾರ ಮತ್ತೆ ನಮ್ಮ ಶೆಡ್ಡಿಗೆ ಬಂತು. ಈಗ ಅದು ಸಂಗೀತದ ಮೇಡಂ ಕೈಯಲ್ಲಿದೆ. ನಾಲ್ಕು ವರ್ಷದ ಹಿಂದೆ ನೀನು ಬಣ್ಣ ಹೊಡೆದ ಮೇಲೆ ಎದ್ದ ಕಿತ್ತಳೆ ಚುಕ್ಕಿಗಳು ಹಾಗೇ ಇದ್ದವು. "ಪೂರ್ತಿ ಹೊಸ ಬಣ್ಣ ಹೊಡೆದುಬಿಡಿ" ಎಂದರು ಮೇಡಂ. ಅಪ್ಪ ಕುರ್ಚಿಯಿಂದಲೇ, "ಮೊದಲು ತೊಳೆದು ನೋಡೋ. ತುಕ್ಕು ಒಳಗಿಂದ ಬಂದಿದೆಯೋ, ಹೊರಗಿಂದ ಕೂತಿದೆಯೋ" ಎಂದರು.

ತೊಳೆದು ನೆರಳಲ್ಲಿ ನಿಲ್ಲಿಸಿದೆ. ಬೆರಳಿಗೆ ತೆಳ್ಳನೆಯ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಬಾನೆಟ್ ಸವರಿದರೆ ಉಪ್ಪುಕಾಗದದ ಹಾಗೆ ತರಿತರಿ ಎನಿಸಿತು. ಕಬ್ಬಿಣ ಕರಗಿಸುವ ದ್ರಾವಣ ಸಿಂಪಡಿಸಿ ಐದು ನಿಮಿಷ ಬಿಟ್ಟೆ. ಒಂದೊಂದು ಚುಕ್ಕಿಯಿಂದಲೂ ಕಬ್ಬಿಣ ಕರಗಿ ನೇರಳೆ ಬಣ್ಣವಾಗಿ ಒಸರಿ ಗೆರೆ ಗೆರೆಯಾಗಿ ಇಳಿಯಿತು. ಒಣಗುವ ಮೊದಲೇ ನೀರು ಬಿಟ್ಟೆ. ಉಳಿದದ್ದನ್ನು ಸೋಪಿನ ನೀರು ಹಾಕಿ, ಜೇಡಿಮಣ್ಣಿನಂಥ ಮೆತ್ತನೆಯ ಉಂಡೆಯಿಂದ ಒತ್ತದೆ ಸವರಿ ಎತ್ತಿದೆ. ಉಂಡೆ ತಿರುಗಿಸಿ ನೋಡಿದರೆ ಕಪ್ಪು ಪುಡಿ. ಸಂಜೆಯ ಹೊತ್ತಿಗೆ ಒಂದು ಚುಕ್ಕಿಯೂ ಇರಲಿಲ್ಲ. ಕೆಳಗೆ ನೀನು ಹೊಡೆದ ಬಣ್ಣ ಎಲ್ಲೂ ಉಬ್ಬದೆ, ಬಿರಿಯದೆ, ನುಣ್ಣಗೆ ಕೂತಿತ್ತು.

ಚುಕ್ಕಿಗಳಿದ್ದದ್ದು ಬಾನೆಟ್ಟಿನಲ್ಲಿ ಮತ್ತು ಎಡಗಡೆಯ ಬಾಗಿಲುಗಳಲ್ಲಿ ಮಾತ್ರ. ನೀನು ಬಣ್ಣ ಹೊಡೆದ ಮರುದಿನ ನಾನು ಶೆಡ್ಡಿನ ಗೇಟಿಗೆ ಕಬ್ಬಿಣದ ಪಟ್ಟಿ ಕೊಯ್ಯುತ್ತಿದ್ದದ್ದು ಅದೇ ಪಕ್ಕದಲ್ಲಿ. ನೀನು ಹಾಕಿದ್ದ ಹೊದಿಕೆ ಗಾಳಿಗೆ ಸರಿದಿರಬೇಕು. ಮೆಷಿನ್ನಿನ ಕಿಡಿ ಹಾರಿ ಹೊಸ ಬಣ್ಣಕ್ಕೆ ಕಚ್ಚಿಕೊಂಡಿದೆ, ಮಳೆ ಬಿದ್ದ ಮೇಲೆ ತುಕ್ಕು ಹಿಡಿದಿದೆ. ನಿನ್ನ ಕೈ ಎಲ್ಲೂ ತಪ್ಪಿರಲಿಲ್ಲ.

"ಹೆಂಗಸಿನ ಕೈಗೆ ಗಾಡಿ ಕೊಟ್ಟೆ ನೋಡಿ, ನನ್ನ ಬುದ್ಧಿಗೆ ಹೇಳ್ಬೇಕು" ಎಂದು ಡಾಕ್ಟರು ಶೆಡ್ಡಿನ ಮಧ್ಯೆ ನಿಂತು ಕೂಗಾಡಿದಾಗ ನೀನು ನನ್ನ ಮುಖ ನೋಡಿದೆ. ನಾನು, "ತಳಕ್ಕೆ ಹೊಡೆದ ಪ್ರೈಮರ್ ತೆಳ್ಳಗಾಯ್ತೇನೋ" ಎಂದೆ. ಎಲ್ಲದಕ್ಕೂ ಜಗಳಕ್ಕೆ ನಿಲ್ಲುವ ನೀನು ಅಂದು ಸ್ಪ್ರೇ ಗನ್ ತೊಳೆದು, ಒರೆಸಿ, ಮೊಳೆಗೆ ನೇತುಹಾಕಿ ಹೊರಟುಹೋದೆ. ನೆನೆದರೆ ನಾಚಿಕೆಯಿಂದ ನೆಲ ನೋಡುವ ಹಾಗಾಗುತ್ತದೆ.

ಮೊನ್ನೆ ಡಾಕ್ಟರ ಬಳಿಗೂ ಹೋಗಿ, ಬಾಯಿ ತೆರೆದು ಮಲಗಿದ್ದ ರೋಗಿಯ ಮುಂದೆಯೇ, ತಪ್ಪು ತಂಗಿಯದಲ್ಲ ಎಂದು ಹೇಳಿದೆ. "ಹೌದಾ? ಆ ಗಾಡಿ ಮಾರಿ ಆಯ್ತಲ್ಲ, ಬಿಡಿ" ಎಂದರು. ಅವರಿಗೆ ಅಷ್ಟೇ.

ಅಪ್ಪ ನೇರಳೆ ನೀರು ಮೋರಿಗೆ ಇಳಿದು ಮುಗಿಯುವ ತನಕ ನೋಡುತ್ತಾ ಕೂತಿದ್ದರು. ಆಮೇಲೆ, "ಅವಳ ಗನ್ನು ಇಳಿಸಿ ಚೊಕ್ಕ ಮಾಡಿಡು" ಎಂದರು. ಮಾಡಿಟ್ಟಿದ್ದೇನೆ. ಬಾಗಿಲಿನ ಕೆಳಗೆ ಒಂದು ಗೀರಿದೆ, ಅದಕ್ಕೆ ಬಣ್ಣ ಬೇಕು. "ಮೊದಲು ಹೊಡೆದವರೇ ಹೊಡೀಲಿ, ಕಾಯ್ತೀನಿ" ಎಂದಿದ್ದಾರೆ ಮೇಡಂ. ಮನಸ್ಸಾದರೆ ಬಾ. ಬಾ ಎಂದು ಒತ್ತಾಯಿಸಲು ನನಗೆ ಮುಖವಿಲ್ಲ.

ಕಾಲಿನ ಊತ ಬೇಗ ಇಳಿಯಲಿ. ಎಲ್ಲಿದ್ದರೂ ತಲೆ ಎತ್ತಿಕೊಂಡು ಇರು.

ನಿನ್ನ ಅಣ್ಣ

ತಾ.ಕ.: ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ಹೊದಿಕೆ ಗಾಳಿಗೆ ಸರಿದದ್ದಲ್ಲ. "ಅಣ್ಣಾ, ಇದನ್ನ ಮಾತ್ರ ತೆಗೀಬೇಡ" ಎಂದು ಹೇಳಿ ನೀನು ಊಟಕ್ಕೆ ಹೋದೆ. ಮಂಡಿಗೆ ಹಾಸಿಕೊಳ್ಳಲು ನಾನು ಅದನ್ನೇ ಎಳೆದುಕೊಂಡೆ. ಕಿಡಿ ಬಾನೆಟ್ ಮೇಲೆ ಬೀಳುವುದು ಕಾಣುತ್ತಿತ್ತು. ನೀನು ಬರುವಷ್ಟರಲ್ಲಿ ಮತ್ತೆ ಹೊದಿಸಿಟ್ಟೆ. ಇದನ್ನು ಅಪ್ಪನಿಗಾಗಲಿ ನಿನ್ನ ಅತ್ತಿಗೆಗಾಗಲಿ ಇನ್ನೂ ಹೇಳಿಲ್ಲ. ಅದರ ಹಿಂದಿನ ದಿನ ಡಾಕ್ಟರು ಕಾರು ನೋಡಲು ಬಂದವರು, "ಇನ್ಮೇಲೆ ನನ್ನ ಗಾಡಿ ನಿಮ್ಮ ತಂಗಿ ಕೈಗೇ ಕೊಡಿ" ಎಂದಿದ್ದರು. ಅಂದು ನನಗೆ ಊಟ ಸೇರಿರಲಿಲ್ಲ. ಕಿಡಿ ಬೀಳುವುದು ಕಂಡರೂ ಮೆಷಿನ್ ನಿಲ್ಲಿಸದಿದ್ದದ್ದು ಅದಕ್ಕೇ.