ಜೇಬಿನಿಂದ ಹೊರಬಿದ್ದ ಚಾಕು

ಚಾಂಪಿಯನ್ ರೀಫ್ಸ್
೨೦-೧-೧೯೫೮

ಪ್ರೀತಿಯ ಅಣ್ಣಾ,

ನಿನ್ನ ತಂಗಿ ಅನಸೂಯಳ ನಮಸ್ಕಾರ. ಸಿಕಂದರಾಬಾದಿನಲ್ಲಿ ಚಳಿ ಹೇಗಿದೆ? ಮೊಣಕಾಲಿನ ನೋವು ಪರೇಡಿಗೆ ತೊಂದರೆ ಕೊಡುತ್ತಿಲ್ಲ ತಾನೇ? ಅಮ್ಮ ಕಳಿಸಿದ ಹುರುಳಿಹಿಟ್ಟು ತಲುಪಿತೇ? ಅಮ್ಮ ಚೆನ್ನಾಗಿದ್ದಾರೆ, ಈಗ ಬಾಯಲ್ಲಿ ಉಳಿದಿರುವುದು ಎರಡೇ ಹಲ್ಲು. ನಾನೂ ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಅಂದರೆ ಸಾಲದು ಅಣ್ಣಾ, ವಾರದಿಂದ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಸ್ಕೂಲಿನಲ್ಲಿ ಮೂರನೇ ಕ್ಲಾಸಿನ ಮಕ್ಕಳಿಗೆ ಒಂದೇ ಮಗ್ಗಿಯನ್ನು ಎರಡು ಸಲ ಹೇಳಿಸಿಬಿಟ್ಟೆ!

ಸಂಕ್ರಾಂತಿಗೆ ಎರಡು ದಿನ ಮುಂಚೆ ನನ್ನನ್ನು ನೋಡಲು ಬಂಗಾರಪೇಟೆಯಿಂದ ಬಂದಿದ್ದರು. ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತರು. ಹೆಸರನ್ನು ಇದೊಂದೇ ಸಲ ಬರೆಯುತ್ತೇನೆ: ರಾಮಚಂದ್ರಪ್ಪ. ಜೊತೆಗೆ ಅವರ ತಾಯಿ. ನಾನು ಕಾಫಿ ತಂದಿಟ್ಟು ಗೋಡೆಗೆ ಒರಗಿ ನಿಂತಿದ್ದೆ. ಎಲ್ಲ ನೆಟ್ಟಗೇ ನಡೆಯುತ್ತಿತ್ತು. ಆದರೆ ನಮ್ಮ ದೊಡ್ಡಪ್ಪನ ವಿಷಯ ನಿನಗೆ ಗೊತ್ತಲ್ಲ, ಇಪ್ಪತ್ತೆರಡು ವರ್ಷ ಚಿನ್ನದ ಗಣಿಯ ಗೇಟಿನಲ್ಲಿ ಪಾಳಿ ಬಿಟ್ಟು ಬರುವವರ ಜೇಬು ತಡಕಿದವರು. ಎದುರಿಗೆ ಕುಳಿತವರ ಕೋಟಿನ ಜೇಬಿನಲ್ಲಿ ಏನೋ ಉದ್ದಗೆ ಎದ್ದು ಕಂಡದ್ದೇ ತಡ, ತಾವು ಎಲ್ಲಿದ್ದೇವೆ ಅನ್ನುವುದನ್ನೇ ಮರೆತು, “ಏನಯ್ಯಾ ಅದು? ತೆಗಿ ಈಚೆಗೆ!” ಎಂದು ಎದ್ದು ನಿಂತು ಕೈ ಚಾಚಿಬಿಟ್ಟರು. ಹೆಣ್ಣು ನೋಡಲು ಬಂದವರಿಗೆ ತಪಾಸಣೆ! ನಾಚಿಕೆಯಿಂದ ನನಗೆ ಭೂಮಿ ಬಿರಿಯಬಾರದೇ ಅನ್ನಿಸಿತು.

ಹೊರಗೆ ಬಂದದ್ದು ಒಂದು ಮಡಿಸುವ ಚಾಕು. ಅಣ್ಣಾ, ಅಂಥ ಚಾಕು ನಾನು ನೋಡಿಯೇ ಇರಲಿಲ್ಲ. ಮಡಿಸಿದರೆ ನನ್ನ ಕಿರುಬೆರಳಿನಷ್ಟು ಸಪೂರ. ಕಪ್ಪು ಕೊಂಬಿನ ಹಿಡಿ, ತುದಿಗೆ ಬೆಳ್ಳಿಯ ಟೊಪ್ಪಿ, ಅಲಗು ಹೊಳೆಯುತ್ತಿತ್ತು. ಇಂಗ್ಲೆಂಡಿಗೆ ವಾಪಸು ಹೊರಟ ಗಣಿಯ ದೊರೆಯೊಬ್ಬರ ಮನೆ ಸಾಮಾನು ರಾಬರ್ಟ್‌ಸನ್‌ಪೇಟೆಯಲ್ಲಿ ಹರಾಜಾದಾಗ ಕೊಂಡದ್ದಂತೆ. ದೊಡ್ಡಪ್ಪನಿಗೆ ಅದೆಲ್ಲ ಕೇಳಿಸಲೇ ಇಲ್ಲ. “ಚಾಕು ಮಡಿಕ್ಕೊಂಡು ತಿರುಗೋನ್ಗೆ ಎಣ್ಣು ಕೊಡಾಕಾಯ್ತದಾ?” ಅಂದರು. ಬಂದವರ ತಾಯಿಯ ಮುಖ ಕಪ್ಪಿಟ್ಟಿತು. ಚಾಕುವಿನ ಒಡೆಯರು ಮಾತ್ರ ಸಿಟ್ಟಾಗಲಿಲ್ಲ. ತಟ್ಟೆಯಲ್ಲಿದ್ದ ಸೀಬೆಹಣ್ಣು ತೆಗೆದುಕೊಂಡು, ಅದೇ ಚಾಕುವಿನಲ್ಲಿ ಬೀಜದ ಭಾಗ ಬಿಡಿಸಿ, ಕಾಗದದಷ್ಟು ತೆಳ್ಳಗೆ ಕುಯ್ದು, ತಟ್ಟೆಯನ್ನು ಅಮ್ಮನ ಮುಂದಕ್ಕೆ ಸರಿಸಿದರು. ಅಮ್ಮನಿಗೆ ಅಗಿಯಲು ಹಲ್ಲಿಲ್ಲ ಎಂದು ಯಾರೂ ಅವರಿಗೆ ಹೇಳಿರಲಿಲ್ಲ, ತಾವೇ ಗಮನಿಸಿದ್ದರು! ಅಮ್ಮ ಒಂದೊಂದೇ ಬಾಯಿಗೆ ಹಾಕಿಕೊಂಡು, “ಸೀಬೆಅಣ್ಣು ತಿಂದು ಏಳು ವರ್ಸ ಆಗಿತ್ತು ಕಣಪ್ಪಾ” ಅಂದರು. ನನಗೆ ಅಳು ಬಂತು. ಆ ಗಳಿಗೆಯಲ್ಲೇ ನನ್ನ ಮನಸ್ಸು ತೀರ್ಮಾನ ಮಾಡಿಬಿಟ್ಟಿತು ಅಣ್ಣಾ.

ದೊಡ್ಡಪ್ಪ ಜಗ್ಗಲಿಲ್ಲ. ಗೇಟಿನಲ್ಲಿ ಸಿಕ್ಕಿದ ಮಾಲಿನ ಹಾಗೆ ಚಾಕುವನ್ನು ವಶಮಾಡಿಕೊಂಡು ನಮ್ಮ ಅಕ್ಕಿ ಡಬ್ಬದ ಮೇಲಿಟ್ಟರು. ಅಪ್ಪನ ಜಾಗದಲ್ಲಿರುವುದು ನೀನು, “ಕೋದಂಡ ಕಾಗ್ದ ಬರುದ್ರೆ ಒಪ್ತೀನಿ, ಇಲ್ದಿದ್ರೆ ಇಲ್ಲ” ಅಂದಿದ್ದಾರೆ. ಬರುವ ಭಾನುವಾರ ಬೇತಮಂಗಲದಿಂದ ಇನ್ನೊಂದು ಕಡೆಯವರನ್ನು ಕರೆಸುತ್ತಾರಂತೆ. ಇನ್ನೊಂದು ತಮಾಷೆ ಕೇಳು. ಸಂಜೆಯಾದರೆ ಮಾಲು ಭದ್ರವಾಗಿದೆಯೇ ನೋಡುವ ನೆಪದಲ್ಲಿ ದೊಡ್ಡಪ್ಪ ಬರುತ್ತಾರೆ, ಅದೇ ಚಾಕುವಿನಲ್ಲಿ ಅಡಕೆ ಚೂರು ಮಾಡಿಕೊಂಡು, ಪಂಚೆಯ ಅಂಚಿನಲ್ಲಿ ಒರೆಸಿ, ತಿರುಗಿಸಿ ತಿರುಗಿಸಿ ನೋಡಿ, ನಿಟ್ಟುಸಿರು ಬಿಟ್ಟು ಇಟ್ಟುಹೋಗುತ್ತಾರೆ. ಅಮ್ಮ ಒಳಗೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾರೆ. ನಾನು ಮಾತ್ರ ನಗುವ ಸ್ಥಿತಿಯಲ್ಲಿಲ್ಲ. ನಿನ್ನ ಒಂದು ಕಾರ್ಡು ಸಾಕು ಅಣ್ಣಾ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮನ ಆಶೀರ್ವಾದ ಸದಾ ನಿನ್ನ ತಲೆಯ ಮೇಲಿದೆ.

ನಿನ್ನ ಮುದ್ದಿನ ತಂಗಿ,
ಅನಸೂಯ

ತಾ.ಕ.: ಮೇಲಿನದು ನಿನ್ನೆ ಬರೆದದ್ದು. ಇದನ್ನು ಬಂಗಾರಪೇಟೆ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಬೆಳಿಗ್ಗೆ ಅಮ್ಮನೇ ಚಾಕುವನ್ನು ತೆಗೆದುಕೊಟ್ಟು, “ಇನ್ನೊಬ್ರ ಸಾಮಾನು ನಮ್ಗ್ಯಾಕೆ, ಓಗಿ ಕೊಟ್ಬುಟ್ಟು ಬಾ” ಅಂದರು. ಸ್ಕೂಲಿಗೆ ರಜಾ ಹಾಕಿ ರೈಲು ಹತ್ತಿದೆ. ಪಾರ್ಸೆಲ್ ಆಫೀಸಿನ ಬಾಗಿಲಲ್ಲಿ ನಿಂತು ಚಾಕುವನ್ನು ಅವರ ಮುಂದೆ ಹಿಡಿದೆ. ಅವರು ಕೈ ಹಿಂದಕ್ಕೆಳೆದುಕೊಂಡರು. ಕೋಪ ಬಂದಿದೆ ಅಂದುಕೊಂಡೆ. “ಕೈಗೆ ಕೊಡ್ಬೇಡಿ, ಮೇಜಿನ ಮ್ಯಾಲೆ ಇಡಿ, ನಾನೇ ಎತ್ಕೊಂತೀನಿ. ಚಾಕು ಕೈಯಿಂದ ಕೈಗೆ ಓದ್ರೆ ಜಗಳ ಆಯ್ತದಂತೆ. ನಾವಿಬ್ರೂ ಬಾಳ ವರ್ಸ ಒಂದೇ ಮನೇಲಿ ಇರ್ಬೇಕಲ್ವಾ?” ಅಂದರು. ಇರಬೇಕು ಅಂದುಬಿಟ್ಟೆ ಅಣ್ಣಾ. ನಿನ್ನನ್ನು ಕೇಳದೆಯೇ ಅಂದುಬಿಟ್ಟೆ. ಬೈಯುವುದಿದ್ದರೆ ಆಮೇಲೆ ಬೈದುಕೋ, ಮೊದಲು ದೊಡ್ಡಪ್ಪನಿಗೆ ಬರಿ.