ಏಲೀಮ್ ಗುಡ್ಡದ ವರದಿಗೆ ಇನ್ನೊಂದು ಸಾಲು

ಏಲೀಮ್ ಗುಡ್ಡ,
ಒಳದಿನ ಹನ್ನೊಂದು, 2127

ತಬಿತಾ ಟೀಚರಿಗೂ ಸಮಾಧಾನಪ್ಪ ಪಾಸ್ಟರಿಗೂ ಯೂನೀಸಮ್ಮನ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಏಪ್ರಿಲ್, ಮೇ ಎರಡನ್ನೂ ಸೇರಿಸಿ ನಾವು ಒಳದಿನ ಎನ್ನುತ್ತೇವೆ. ಆಗ ಮಧ್ಯಾಹ್ನ ಹೊರಗೆ ಕಾಲಿಡುವವರು ಹುಚ್ಚರು ಮಾತ್ರ. ಈ ಕಾಗದ ಬರುವುದು ಹಿಂದಂಚೆಯಲ್ಲಿ, ಅಂದರೆ ಕಳೆದುಹೋದ ವರ್ಷಗಳಿಗೆ ಹೋಗುವ ಅಂಚೆಯಲ್ಲಿ. ನಾನು ಕಲಿತದ್ದು ಊರ ಶಾಲೆಯ ನಾಲ್ಕನೇ ಇಯತ್ತೆ. ಮಾತು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನೀವಿನ್ನೂ ಮಕ್ಕಳ ಮೊದಲ ಬೇಸಿಗೆ ಶಿಬಿರ ಮುಗಿಸಿ ಚಾಪೆ ಸುತ್ತಿಡುತ್ತಿದ್ದೀರಿ. ನಾನು ಅದರ ನೂರನೇ ವರ್ಷದಲ್ಲಿ ಕೂತಿದ್ದೇನೆ.

ಶಿಬಿರ ಇವತ್ತಿಗೂ ವರ್ಷವರ್ಷ ನಡೆಯುತ್ತದೆ. ಆದರೆ ಈಗ ಮೇನಲ್ಲಲ್ಲ, ಜನವರಿಯಲ್ಲಿ. ಮಕ್ಕಳು ಸ್ವೆಟರ್ ಹಾಕಿಕೊಂಡು ಬೇಸಿಗೆ ಶಿಬಿರಕ್ಕೆ ಬರುತ್ತಾರೆ, ಯಾರೂ ನಗುವುದಿಲ್ಲ. ಉಪ್ಪಿಟ್ಟು ಬೇಯುವುದು ಬಿಸಿಲುಹಂಡೆಯಲ್ಲಿ. ಅದು ಬಿಸಿಲನ್ನು ಹಿಡಿದಿಟ್ಟುಕೊಂಡು ಬೆಂಕಿಯಿಲ್ಲದೆ ಬೇಯಿಸುವ ಪಾತ್ರೆ. ತಳ ಹಿಡಿಯುವುದಿಲ್ಲ, ರುಚಿಯೂ ಹಿಡಿಯುವುದಿಲ್ಲ. ಊಟದ ಕೋಣೆಯಲ್ಲಿ ನಿಮ್ಮಿಬ್ಬರ ಚಿತ್ರವಿದೆ. ಪಾಸ್ಟರೇ, ನಿಮ್ಮ ತಲೆಗೂದಲಿನ ವಿಷಯದಲ್ಲಿ ಬಿಡಿಸಿದವನು ಬಹಳ ಉದಾರಿ.

ಹಾಗೆಂದು ನಿಮ್ಮನ್ನು ಹೊಗಳಲು ಕೂತಿಲ್ಲ. ನೀವು ಜಾಗ ನೋಡಿದ್ದು ಕ್ರಿಸ್ಮಸ್ ರಜೆಯಲ್ಲಿ. ಬಾವಿಯಲ್ಲಿ ಕೈಗೆಟಕುವಷ್ಟು ನೀರು ಕಂಡು, ಬೈಬಲಿನ ಹನ್ನೆರಡು ಬುಗ್ಗೆಗಳ ಊರಿನ ಹೆಸರನ್ನೇ ಗುಡ್ಡಕ್ಕೆ ಇಟ್ಟಿರಿ. ಮೇ ತಿಂಗಳಲ್ಲಿ ಅರವತ್ತು ಮಕ್ಕಳನ್ನು ಕರೆತಂದಾಗ ತಳದಲ್ಲಿ ಒಂದು ಕಪ್ಪೆ ಇತ್ತು. ಆ ಅರವತ್ತರಲ್ಲಿ ಒಬ್ಬಳು ನನ್ನಜ್ಜಿ, ಒಂಬತ್ತು ವರ್ಷದವಳು. ಇದೆಲ್ಲ ಅವಳ ಬಾಯಿಂದ ಕೇಳಿದ್ದು. ನೀವು ಕೊಡ ಹಿಡಿದು ಕೆಳಗಿನ ಕರೇಬಂಡಿಗೆ ಇಳಿದಾಗ ಆ ಊರಿನ ನೀಲವ್ವ ಸೊಂಟಕ್ಕೆ ಕೈಯಿಟ್ಟು, "ಏನ್ರಿ ಪಾಸ್ಟರ್, ಬಾವಿ ನೋಡಾಕ ಚಳಿಗಾಲದಾಗ ಬಂದಿದ್ರೇನು? ನಮಗರ ಒಂದ್ ಮಾತ್ ಕೇಳಬಾರದಿತ್ತೇನ್ರಿ?" ಎಂದಳಂತೆ. ಬೈದು ಮುಗಿಸಿ ಓಣಿಯವರನ್ನೆಲ್ಲ ಕರೆದಳು. ಹತ್ತು ದಿನ ಆ ಹೆಂಗಸರು ತಾವು ಮೈತೊಳೆಯದೆ, ಗುಡ್ಡ ಹತ್ತಿ ನಿಮ್ಮ ಹಂಡೆ ತುಂಬಿಸಿದರು.

ಸಭೆಗೆ ಕಳಿಸುವ ವರದಿಯಲ್ಲಿ ನೀವು ಬರೆದದ್ದೇನು? "ಬಾವಿ ಬತ್ತಿತ್ತು. ಪ್ರಾರ್ಥಿಸಿದೆವು. ಕರ್ತನು ನೀರನ್ನು ಒದಗಿಸಿದನು." ಒದಗಿಸಿದ್ದು ಹೌದು, ನಾನು ಇಲ್ಲವೆನ್ನುವುದಿಲ್ಲ. ಹೊತ್ತವರ ಹೆಸರು ಬರೆಯುವ ಹೊತ್ತಿಗೆ ಶಾಯಿ ಮುಗಿದಿತ್ತೇ?

ಈಗ ಕರೇಬಂಡಿಯ ಬಾವಿ ಬತ್ತಿದೆ. ನೀವು ಆಮೇಲೆ ಆಳ ಮಾಡಿಸಿದ ನಮ್ಮದು ಬತ್ತಿಲ್ಲ. ಅವರು ನೀರು ಕೇಳಿದ್ದಾರೆ. ಶಿಬಿರ ಸಮಿತಿಯ ಅಧ್ಯಕ್ಷ ಥಿಯೋಫಿಲ, ನನ್ನ ಅಕ್ಕನ ಮಗನೇ, ನಿಮ್ಮ ವರದಿಯನ್ನು ಮುಂದೆ ಹಿಡಿದು, "ಚಿಕ್ಕವ್ವ, ಇದು ಪ್ರಾರ್ಥನಿಗೆ ಸಿಕ್ಕ ನೀರು. ಅವರಿಗ್ಯಾಕ ಕೊಡೂದು?" ಎನ್ನುತ್ತಾನೆ. ಅಜ್ಜಿ ಹೇಳಿದ್ದನ್ನು ಹೇಳಿದರೆ, "ಬರದದ್ದು ಐತೇನು? ಇದ್ರ ತೋರ್ಸು" ಎನ್ನುತ್ತಾನೆ. ಭಾನುವಾರ ಆರಾಧನೆ ಮುಗಿದ ಮೇಲೆ ಕೈ ಎತ್ತಿಸಿ ತೀರ್ಮಾನ ಮಾಡುತ್ತಾರೆ.

ಟೀಚರೇ, ವರದಿಯ ಅಕ್ಷರ ನಿಮ್ಮದು; ಪಾಸ್ಟರ್ ಹೇಳಿದರು, ನೀವು ಬರೆದಿರಿ. ಕಳಿಸುವ ಮೊದಲು ಒಂದು ಸಾಲು ಸೇರಿಸಿ, ನೀರು ಹೊತ್ತು ತಂದವರು ಕರೇಬಂಡಿಯವರು ಎಂದು. ಪಾಸ್ಟರ್ ಬೇಡವೆಂದರೂ ಬರೆಯಿರಿ. ಆ ಊರಿನ ಮಕ್ಕಳಿಗೆ ಈಗ ದಿನಕ್ಕೆ ಎರಡು ಲೋಟ ನೀರು. ನೀವು ಬರೆಯದಿದ್ದರೂ ಭಾನುವಾರ ನಾನು ಕೈ ಎತ್ತುತ್ತೇನೆ. ಆದರೆ ಆಗ ಏಳುವುದು ಅದೊಂದೇ ಕೈ.

ಯೂನೀಸಮ್ಮ