ಮಗುವಿನ ಬದಲು ಮಾವ

ಅರಳಸುರಳಿ
ಭಾನುವಾರ

ಸುಪ್ರಿಯಾ ಮೇಡಂ ಅವರಿಗೆ ನಮಸ್ಕಾರ.

ಮನಶ್ಶಾಸ್ತ್ರದ ಪ್ರಾಜೆಕ್ಟಿಗೆ ಮಾತು ಕಲಿಯುವ ಮಗುವನ್ನು ಗಮನಿಸಿ ಬರೆಯಲು ಹೇಳಿದ್ದಿರಿ. ನಮ್ಮ ಮನೆಯಲ್ಲಿ ಮಗುವಿಲ್ಲ. ಸ್ಟ್ರೋಕ್ ಆಗಿ ಮಾತು ಕಳೆದುಕೊಂಡಿದ್ದ ನನ್ನ ಮಾವ ಹುಲಿಯಪ್ಪನವರು ಈಗ ಒಂದೊಂದೇ ಪದ ಕಲಿಯುತ್ತಿದ್ದಾರೆ. ಅವರನ್ನೇ ಗಮನಿಸಿದೆ, ನೀವು ಒಪ್ಪಿಕೊಳ್ಳಬೇಕು. ಮೊದಲು "ನೀರು" ಬಂತು, ಆಮೇಲೆ "ಸಾಕು", ಆಮೇಲೆ ನಾಯಿಯ ಹೆಸರು.

ನಾನು ಸೊಸೆಯಾಗಿ ಬಂದಾಗಿನಿಂದ ಮಾವ ನನ್ನೊಡನೆ ನೇರವಾಗಿ ಮಾತಾಡಿದವರಲ್ಲ. ನಾನು ಎದುರಿಗಿದ್ದರೂ "ಅವ್ಳಿಗೆ ಕಾಫಿ ತರಕ್ಕೆ ಹೇಳು" ಎಂದು ಅತ್ತೆಗೆ ಹೇಳುತ್ತಿದ್ದರು. ಅತ್ತೆ ತೀರಿಕೊಂಡ ಮೇಲೆ ಗೋಡೆ ನೋಡಿ ಹೇಳುತ್ತಿದ್ದರು. ನಾನೂ ಹಾಗೆಯೇ, ಗೋಡೆಗೇ ಉತ್ತರ ಕೊಡುತ್ತಿದ್ದೆ. ಅದು ಮನೆಯ ಮರ್ಯಾದೆ, ನನಗೇನೂ ಬೇಸರವಿರಲಿಲ್ಲ.

ನಿನ್ನೆ ಗಂಜಿ ಕುಡಿಸಿ ಬಾಯಿ ಒರೆಸುವಾಗ ನನ್ನ ಮುಖವನ್ನೇ ನೋಡಿ ಕೇಳಿದರು:

"ನಿಂದು... ಊಟ ಆಯ್ತಾ?"

ಮಗು ಮೂರು ವರ್ಷ ತುಂಬುವುದರೊಳಗೆ ಪ್ರಶ್ನೆ ಕೇಳಲು ಕಲಿಯುತ್ತದೆ ಎಂದು ನೀವು ಪಾಠ ಮಾಡಿದ್ದಿರಿ. ನಾನು ವಯಸ್ಸಿನ ಜಾಗದಲ್ಲಿ ಎಂಬತ್ತೊಂದು ಎಂದು ಬರೆದಿದ್ದೇನೆ. ತಪ್ಪೆಂದು ಹೊಡೆದುಹಾಕಬೇಡಿ.

ನಾಳೆ ತೀರ್ಥಹಳ್ಳಿಗೆ ಬಂದು ಪ್ರಾಜೆಕ್ಟ್ ಒಪ್ಪಿಸಬೇಕಿತ್ತು. ದಯವಿಟ್ಟು ಇನ್ನೊಂದು ವಾರ ಕೊಡಿ. ಮಾವ ಕಲಿತರು. ನಾನು ನಿನ್ನೆಯೂ "ಆಯ್ತು" ಎಂದು ಗೋಡೆಗೇ ಹೇಳಿದೆ.

ನಿಮ್ಮ ದೂರಶಿಕ್ಷಣದ ವಿದ್ಯಾರ್ಥಿನಿ,
ಹೇಮಾವತಿ